ಮೇಲಿನ ಮನೆಯ ನಟನಿಗೆ ಮಾತು ಹೇಳಿಕೊಟ್ಟಿದ್ದು

ಫ್ರೀಮಾಂಟಿಗೆ ಬಂದು ಎರಡು ತಿಂಗಳಾಗಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತು, ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದೆ. ಮೇಲಿನ ಮನೆಯಲ್ಲಿ ಗಂಡಸೊಬ್ಬ ಗೊತ್ತಿಲ್ಲದ ಭಾಷೆಯಲ್ಲಿ ಅಬ್ಬರಿಸಿದ, ಆಮೇಲೆ ಅಂಗಲಾಚಿದ, ಆಮೇಲೆ ದೊಪ್ಪನೆ ಬಿದ್ದ. ಮೈಸೂರಾಗಿದ್ದರೆ ಅಷ್ಟರಲ್ಲಿ ಅರ್ಧ ಬೀದಿ ಮೆಟ್ಟಿಲ ಮೇಲಿರುತ್ತಿತ್ತು. ಇಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಆಫೀಸಿನಲ್ಲಿದ್ದ ನಮ್ಮವರಿಗೆ ಫೋನು ಮಾಡಿದೆ.

“ನೀನು ಹೋಗ್ಬೇಡ ಕಣೇ. ಅಪಾರ್ಟ್‌ಮೆಂಟ್ ಆಫೀಸಿಗೆ ಹೇಳು, ಅವ್ರು ನೋಡ್ಕೋತಾರೆ.”

ಆದರೂ ನಾನೇ ಮೇಲೆ ಹೋದೆ. ಬಾಗಿಲು ತೆರೆದವರು ಎಪ್ಪತ್ತು ದಾಟಿದ, ಬಿಳಿ ಕುರ್ತಾದ, ಬರಿಗಾಲಿನ ಎತ್ತರದ ಮನುಷ್ಯ.

“ಕ್ಷಮಿಸಮ್ಮಾ, ಸಾಯ್ತಾ ಇದ್ದೆ. ಇನ್ನೆರಡು ನಿಮಿಷ ಬಾಕಿ ಇತ್ತು,” ಎಂದರು ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ.

ಹೀಗೆ ಮೇಶೋ ನನಗೆ ಪರಿಚಯವಾದರು. ಬಂಗಾಳಿಯಲ್ಲಿ ಮೇಶೋ ಎಂದರೆ ತಾಯಿಯ ಅಕ್ಕ ಅಥವಾ ತಂಗಿಯ ಗಂಡ, ನಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರ ಹಾಗೆ. ಹದಿನಾರನೇ ವಯಸ್ಸಿನಲ್ಲಿ ಕೊಲ್ಕತ್ತಾದ ತಮ್ಮ ಬೀದಿಯ ಕ್ಲಬ್ಬಿನ ನಾಟಕದಲ್ಲಿ ಬಾಗಿಲು ಕಾಯುವವನ ವೇಷದಿಂದ ಶುರುಮಾಡಿ, ಮೂವತ್ತು ವರ್ಷ ಒಂದೇ ತಂಡದಲ್ಲಿ ರಂಗಭೂಮಿ, ನಡುನಡುವೆ ಸಿನಿಮಾ. “ನಲವತ್ತು ಪಿಕ್ಚರು ಮಾ. ಅರ್ಧದಲ್ಲಿ ಡಾಕ್ಟರು, ಉಳಿದರ್ಧದಲ್ಲಿ ಪೇಷೆಂಟು,” ಎನ್ನುತ್ತಿದ್ದರು. ಅಲ್ಲಿ ಮೀನಿನ ಅಂಗಡಿಯವನು ಇವರನ್ನು ಕಂಡರೆ ಸಿನಿಮಾದ ಮಾತನ್ನು ಇವರಿಗೇ ಒಪ್ಪಿಸಿ, ಮೀನಿನ ದೊಡ್ಡ ತಲೆಯನ್ನು ಇವರಿಗೆಂದೇ ಎತ್ತಿಡುತ್ತಿದ್ದನಂತೆ. ಇಲ್ಲಿ ಇಂಡಿಯನ್ ಗ್ರೋಸರಿಯಲ್ಲಿ ಹಿಮಗಟ್ಟಿದ ಮೀನಿನ ಪೊಟ್ಟಣ ಹಿಡಿದು ಅವರು ಕ್ಯೂನಲ್ಲಿ ನಿಂತಿದ್ದನ್ನು ನೋಡಿದ್ದೇನೆ. ಕೌಂಟರಿನವಳು ಮುಖ ಎತ್ತುವಳೇನೋ ಎಂದು ಕೊನೆಯವರೆಗೂ ಕಾದು, ರಸೀತಿ ಮಡಿಸಿ ಜೇಬಿಗಿಟ್ಟುಕೊಂಡರು.

ಮಗಳು ಮೌ ಹಾಕಿದ ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ಎಲ್ಲೋ ಕೂತಿತ್ತು. ಪ್ರಯಾಣದ ಪತ್ರ ಕೈಗೆ ಬರುವ ಮೊದಲು ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ಈ ಮಧ್ಯೆ ಕೊಲ್ಕತ್ತಾದ ನಿರ್ದೇಶಕನೊಬ್ಬ ನ್ಯಾಯಾಧೀಶನ ಪಾತ್ರಕ್ಕೆ ಕರೆದು, ಕಾದು, ಬೇರೆಯವರಿಗೆ ಕೊಟ್ಟುಬಿಟ್ಟ. ಇನ್ನು ನಾನೋ, ಗಂಡನ ವೀಸಾಕ್ಕೆ ಅಂಟಿಕೊಂಡು ಬಂದವಳು. ಕೆಲಸ ಮಾಡುವ ಅನುಮತಿ ಇಲ್ಲ, ಕಾರು ಓಡಿಸಲು ಬಾರದು. ತರಕಾರಿ ಅಂಗಡಿಯೂ ಫ್ರೀವೇ ಆಚೆ. ನಾವಿಬ್ಬರೂ ದಿನಾ ಹನ್ನೆರಡೂವರೆಗೆ ಅಂಚೆಪೆಟ್ಟಿಗೆಗಳ ಹತ್ತಿರ ಭೇಟಿಯಾಗುತ್ತಿದ್ದೆವು. ಅವರಿಗೆ ಪಿಜ್ಜಾ ಕೂಪನ್ನು, ನನಗೆ ಹಲ್ಲಿನ ಡಾಕ್ಟರ ಜಾಹೀರಾತು.

ಇಲ್ಲಿನ ಬಂಗಾಳಿಗಳು ದುರ್ಗಾಪೂಜೆಗೆ ಅವರ ಏಕವ್ಯಕ್ತಿ ನಾಟಕವೊಂದನ್ನು ಕೇಳಿದ್ದರು, ರೈಲು ನಿಲ್ಲದ ಊರಿನ ಸ್ಟೇಷನ್ ಮಾಸ್ತರರ ಕಥೆ. ಆದರೆ ಮಾತುಗಳು ನೆನಪಿನಿಂದ ಜಾರುತ್ತಿದ್ದವು.

“ಕಾಗದ ನೋಡಿ ಓದಿ ಬಾಬಾ, ಯಾರೇನೂ ಅಂದ್ಕೊಳ್ಳಲ್ಲ,” ಎಂದಳು ಮೌ.

“ನೋಡಿ ಓದೋನು ವಾರ್ತೆಯೋನು. ನಾನು ನಟ.”

“ಸರಿ. ಆದ್ರೆ ಸ್ಟೇಜ್ ಮೇಲೆ ಮರೆತ್ರೆ ಇದೇ ಕೊನೆ. ನಾಲ್ಕು ಜನರ ಮುಂದೆ ನೀವು ತಡವರಿಸೋದನ್ನ ನನ್ನಿಂದ ನೋಡೋಕಾಗಲ್ಲ.”

ಮೇಶೋ ನನ್ನ ಕಡೆ ತಿರುಗಿ, “ನೀನು ಪ್ರಾಂಪ್ಟ್ ಮಾಡ್ತೀಯಾ ಮಾ?” ಎಂದರು.

ಕಾನ್ವೆಂಟಿನ ವಾರ್ಷಿಕೋತ್ಸವಗಳಲ್ಲಿ ಪರದೆಯ ಪಕ್ಕ ನಿಂತು ಮಾತು ಹೇಳಿಕೊಡುವ ಕೆಲಸ ನನ್ನದೇ ಆಗಿತ್ತು. ನನ್ನ ದನಿ ಮೊದಲ ಸಾಲಿಗೂ ಕೇಳದು ಎಂಬುದೇ ಅರ್ಹತೆ. ಒಪ್ಪಿಕೊಂಡೆ. ಅವರು ನಿಧಾನವಾಗಿ ಹೇಳಿದ ಬಂಗಾಳಿ ಮಾತುಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಮೊದಲ ದಿನ ಅವರು ಹಳಿಯ ಕಡೆ ನೋಡುತ್ತಾ ಸುಮ್ಮನಾದರು. ಗ್ಯಾಪು ಬಿಡಬಾರದೆಂಬುದು ನಮ್ಮ ಸಿಸ್ಟರ ನಿಯಮ. ಕೂಡಲೇ “ಗಾಡಿ ಏಶೇ ಗೆಛೇ” ಎಂದೆ. ಗಾಡಿ ಬಂತು ಎಂದರ್ಥ.

“ಎಲ್ಲಿ ಬಂತು?” ಎಂದು ರೇಗಿದರು. “ನಾನಿನ್ನೂ ಕಾಯ್ತಾ ಇದೀನಿ! ನೀನು ರೈಲನ್ನ ಅಡುಗೆಮನೆಯಿಂದ ಕಳಿಸ್ತೀಯ!”

ಕಣ್ಣು ತುಂಬಿಬಂತು. ಅವರು ತಕ್ಷಣ ತಣ್ಣಗಾದರು. “ಅಳಬೇಡ. ಮಾತು ಯಾರು ಬೇಕಾದ್ರೂ ಹೇಳ್ಕೊಡ್ತಾರೆ. ಸುಮ್ಮನಿದ್ದಾಗ ನಟಿಸ್ತಿದಾನೋ ಮರೆತಿದಾನೋ ಅಂತ ತಿಳಿದವನೇ ಪ್ರಾಂಪ್ಟರು.”

ಅಂದಿನಿಂದ ಪುಸ್ತಕ ಬಿಟ್ಟು ಅವರನ್ನೇ ನೋಡತೊಡಗಿದೆ. ಮುಖದಿಂದ ಏನೂ ತಿಳಿಯದು, ಮುಖ ಐವತ್ತು ವರ್ಷ ಪಳಗಿದ್ದು. ಮೂರನೇ ವಾರ ಕೈ ಕಂಡಿತು. ನಟಿಸುವಾಗ ಅದು ಕಲ್ಲಿನಂತೆ ಇರುತ್ತದೆ. ಮರೆತಾಗ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತದೆ, ಹಿಟ್ಟು ಅಂಟಿದೆಯೋ ಎಂಬಂತೆ. ಇದು ಅವರಿಗೇ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ; ಹೇಳಿದ್ದರೆ ಅದನ್ನೂ ಪಳಗಿಸಿಬಿಡುತ್ತಿದ್ದರು.

ನಾಟಕ ಶನಿವಾರ ಮಧ್ಯಾಹ್ನ, ಒಂದು ಶಾಲೆಯ ಸಭಾಂಗಣದಲ್ಲಿ. ಗೋಡೆಗೂ ಪರದೆಗೂ ನಡುವಿನ ಇಕ್ಕಟ್ಟಿನಲ್ಲಿ ಮಡಿಸುವ ಕುರ್ಚಿಯ ಮೇಲೆ ಕೂತಿದ್ದೆ. ಇಪ್ಪತ್ತು ನಿಮಿಷ ಅವರು ತಡೆಯಿಲ್ಲದೆ ನಡೆದರು. ಆಮೇಲೆ, ಲಾಟೀನು ಎತ್ತಿ, ನಿಂತರು.

ಜನ ಉಸಿರು ಹಿಡಿದರು. ಮುಂದಿನ ಸಾಲಿನಲ್ಲಿ ಮೌ ಸೀರೆಯ ಸೆರಗು ಹಿಂಡುತ್ತಿದ್ದಳು. ಬಲಗೈಯಲ್ಲಿ ಲಾಟೀನು! ಮನೆಯಲ್ಲಿ ಅಭ್ಯಾಸಕ್ಕೆ ಲಾಟೀನು ಇರಲಿಲ್ಲ, ಬೆರಳು ನನಗೆ ಕಾಣುತ್ತಿಲ್ಲ. ನಟನೆಯಾಗಿದ್ದರೆ ನನ್ನ ಪಿಸುಮಾತು ಅದನ್ನು ಕೆಡಿಸುತ್ತದೆ. ಮರೆತಿದ್ದರೆ ನನ್ನ ಮೌನ ಅವರನ್ನೇ ಮುಗಿಸುತ್ತದೆ. ಕುರ್ಚಿಯಿಂದಿಳಿದು, ಮಂಡಿಯೂರಿ, ನೆಲದ ಮಟ್ಟದಿಂದ ನೋಡಿದೆ. ಲಾಟೀನಿನ ಹಿಡಿಯ ಕೆಳಗೆ ಹೆಬ್ಬೆರಳು ಮೆಲ್ಲಗೆ ಉಜ್ಜುತ್ತಿತ್ತು.

ಮುಂದಿನ ಮಾತಿನ ಎರಡೇ ಪದ ಹೇಳಿದೆ. ಅವರು ತಿರುಗಲಿಲ್ಲ. ಇನ್ನೊಂದು ಉಸಿರಿನಷ್ಟು ಕಾದು, ಆ ಮಾತು ಈಗಷ್ಟೇ ಹುಟ್ಟಿತೆಂಬಂತೆ ಹೇಳಿದರು. ಸಭೆಯಲ್ಲಿ ಯಾರೋ ಬಿಕ್ಕಿದರು.

ಕಾರಿನಲ್ಲಿ ಮೌ ಹೇಳಿದ್ದನ್ನೇ ಹೇಳಿದಳು. “ಬಾಬಾ, ಆ ಮೌನ! ಎಲ್ಲಾರೂ ಅದನ್ನೇ ಮಾತಾಡ್ತಿದಾರೆ.”

ಮೇಶೋ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿದ್ದರು. ತಗ್ಗಿದ ದನಿಯಲ್ಲಿ ಕೇಳಿದರು: “ಮರೆತಿದ್ನಾ, ಮಾ?”

“ಇಲ್ಲ ಮೇಶೋ. ನಾನೇ ಆತುರಪಟ್ಟೆ.”

“ಸುಳ್ಳು ಹೇಳೋಕೆ ಬರಲ್ಲ ನಿಂಗೆ. ನಟಿ ಆಗೋಕಾಗಲ್ಲ,” ಎಂದು ನಕ್ಕು ತಲೆ ಸವರಿದರು.

ಮೌ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದಳು. “ಮುಂದಿನ ವರ್ಷಾನೂ ಮಾಡಿ ಅಂತ ಕಮಿಟಿಯೋರು ಕೇಳ್ತಿದಾರೆ. ಇಬ್ರೂ ಇರ್ತೀರಲ್ಲ?”

ಮುಂದಿನ ಪೂಜೆಗೆ ಕೊಲ್ಕತ್ತಾದಲ್ಲಿರಬೇಕೆಂದು ಮೇಶೋ ದಿನಾ ದೇವಿಯನ್ನು ಕೇಳುತ್ತಿದ್ದರು. ಅದೇ ದಸರೆಗೆ ಮೈಸೂರಿನಲ್ಲಿರುತ್ತೇನೆಂದು ನಾನು ಅಮ್ಮನಿಗೆ ಮಾತು ಕೊಟ್ಟಿದ್ದೆ. ಕಾರು ಒಂದು ಎಕ್ಸಿಟ್ ದಾಟಿತು, ಇನ್ನೊಂದು ದಾಟಿತು. ಮೇಶೋ ನನ್ನ ಮುಖ ನೋಡಿದರು; ಮೌಗೆ ಕೊಡಬೇಕಾದ ಉತ್ತರವನ್ನೂ ನಾನೇ ಹೇಳಿಕೊಡಲಿ ಎಂದು ಕಾಯುತ್ತಿದ್ದರು.

“ಇರ್ತೀವಿ,” ಎಂದೆ.