'ಕಾಯುತ್ತೇನೆ' ಎಂಬ ಬಟನ್

ಅಪ್ಪ ನನ್ನ ಪರೀಕ್ಷೆಯಲ್ಲಿ ಫೇಲಾದರು. ಅದೂ ಮೊದಲನೇ ಪ್ರಶ್ನೆಗೇ.

ಬನಶಂಕರಿಯ ಕಾಲೇಜೊಂದರಲ್ಲಿ ನಾನು ಪಾಠ ಮಾಡುತ್ತೇನೆ. ಈ ಸಲ ಡಿಗ್ರಿ ಮಕ್ಕಳಿಗೆ ಭ್ರಷ್ಟಾಚಾರದ ಬಗ್ಗೆ ಭಾಷಣ ಬೇಡ, ಮೊಬೈಲ್ ಗೇಮ್ ಕೊಡೋಣ ಎಂದುಕೊಂಡೆ. ಗೆಳತಿಯೊಬ್ಬಳು ಕೋಡ್ ಬರೆದಳು, ಸನ್ನಿವೇಶ ನಾನು ಬರೆದೆ. ಮನೆಯ ಖಾತೆ ಬದಲಾಗಬೇಕು. ಗುಮಾಸ್ತ 'ಕಾಫಿಗೆ ಏನಾದ್ರೂ' ಎನ್ನುತ್ತಾನೆ. ಎರಡು ಬಟನ್: 'ಕೊಡುತ್ತೇನೆ', 'ಕಾಯುತ್ತೇನೆ'.

ಮೊದಲು ಅಪ್ಪನಿಗೆ ಆಡಲು ಕೊಟ್ಟೆ. ಕನ್ನಡಕ ಏರಿಸಿ, ಎರಡು ಸಲ ಓದಿ, 'ಕೊಡುತ್ತೇನೆ' ಒತ್ತಿದರು. ಪರದೆ ಕೆಂಪಾಯಿತು.

"ಅಪ್ಪಾ! ನೀವೇ ಹಿಂಗಾ?"

"ಗೇಮಲ್ಲಾದ್ರೂ ಬೇಗ ಆಗ್ಲಿ ಅಂತ ಕಣಮ್ಮ."

ಗೊಟ್ಟಿಗೆರೆಯ ನಮ್ಮ ಮನೆಯ ಖಾತೆ ತಾತನ ಹೆಸರಿನಿಂದ ಅಪ್ಪನ ಹೆಸರಿಗೆ ಬರಬೇಕು. ಯುಗಾದಿಗೂ ಮುಂಚಿನಿಂದ, ಪ್ರತಿ ಮಂಗಳವಾರ ಫೈಲ್ ಹಿಡಿದು ಪಾಲಿಕೆ ಕಚೇರಿಗೆ ಹೋಗುತ್ತಾರೆ. 'ಮುಂದಿನ ವಾರ ಬನ್ನಿ' ಕೇಳಿಸಿಕೊಂಡು ಬರುತ್ತಾರೆ. ಕಾಫಿಗೆ ಮಾತ್ರ ಕೊಟ್ಟಿಲ್ಲ. "ಮಗಳು ಇದನ್ನೇ ಪಾಠ ಮಾಡ್ತಾಳೆ ಸಾರ್, ಗೊತ್ತಾದ್ರೆ ಊಟ ಹಾಕಲ್ಲ" ಎಂದು ಅಲ್ಲಿ ಹೇಳಿದ್ದಾರಂತೆ. (ಊಟ ಹಾಕುವುದು ಅಮ್ಮ. ನನಗೆ ಅನ್ನಕ್ಕೆ ನೀರಿನ ಅಳತೆಯೂ ತಿಳಿಯದು.)

ಅಪ್ಪ ಈಗ 'ಕಾಯುತ್ತೇನೆ' ಒತ್ತಿದರು. 'ಮೂರು ತಿಂಗಳ ನಂತರ' ಎಂಬ ಸಾಲು ಒಂದು ಕ್ಷಣ ಮಿಂಚಿತು. ಹೂಮಳೆ ಸುರಿಯಿತು. ಖಾತೆ ಕೈಗೆ ಬಂತು.

"ಇಷ್ಟೇನಾ ಕಾಯೋದು?" ಅಂದರು. ವ್ಯಂಗ್ಯವಿರಲಿಲ್ಲ. ಅದಕ್ಕೇ ಚುಚ್ಚಿತು.

ಮರುದಿನ ಗೇಮ್ ಬದಲಾಯಿಸಿ ಕ್ಲಾಸಿಗೆ ಕೊಟ್ಟೆವು. 'ಕಾಯುತ್ತೇನೆ' ಒತ್ತಿದರೆ ಗೇಮಿಗೆ ಏಳು ದಿನ ಬೀಗ. ಆಮೇಲಷ್ಟೇ ಇಂಟರ್ನಲ್ ಮಾರ್ಕ್ಸ್. ಕ್ಲಾಸಿನ ವಾಟ್ಸಾಪ್ ಗ್ರೂಪ್ ಹೊತ್ತಿ ಉರಿಯಿತು. "ಮೇಡಂ, ಆಪ್ ಹ್ಯಾಂಗ್ ಆಗಿದೆ!" ಇಲ್ಲಪ್ಪ, ಸರಿಯಾಗೇ ಇದೆ.

ಮೂರನೇ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ವಿದ್ಯಾರ್ಥಿನಿ ಪವಿತ್ರಾ. ಕೈಯಲ್ಲಿ ಸ್ಟೀಲ್ ಡಬ್ಬಿ.

"ಅಮ್ಮ ಮಾಡಿದ ಒಬ್ಬಟ್ಟು ಮೇಡಂ, ನಿಮಗೆ. ಆಮೇಲೆ... ನಂದೊಂದು ಅನ್‌ಲಾಕ್ ಮಾಡ್ಬಿಡ್ತೀರಾ?"

ನಾನು ಡಬ್ಬಿ ನೋಡಿದೆ. ಅವಳೂ ನೋಡಿದಳು. "ಅಯ್ಯೋ ದೇವ್ರೇ!" ಎಂದು ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ನಕ್ಕೆವು. ಡಬ್ಬಿ ವಾಪಸ್ ಹೋಯಿತು. (ತುಪ್ಪದ ಪರಿಮಳ ಮಧ್ಯಾಹ್ನದವರೆಗೂ ಹೋಗಲಿಲ್ಲ.)

ಏಳನೇ ದಿನ ಪವಿತ್ರಾಳ ಬೀಗ ತಾನಾಗಿ ತೆರೆದುಕೊಂಡಿತು. ಅಂದು ಮಂಗಳವಾರ. ಅಪ್ಪ ಫೈಲ್ ಹಿಡಿದು ಹೊರಟಿದ್ದರು.

ಅವರ ಬೀಗಕ್ಕೆ ದಿನ ಗೊತ್ತು ಮಾಡುವವರು ಯಾರು?