ಕೆರೆ ಸುತ್ತ ಹೆಣ್ಣು ನೋಡುವ ಶಾಸ್ತ್ರ

ಪೋರೂರು ಕೆರೆಯ ಪಕ್ಕದ ವಾಕಿಂಗ್ ಹಾದಿಯಲ್ಲಿ ತಮಿಳರ ನಡುವೆಯೇ ಬೆಳೆದ ನನ್ನ ತಂಗಿಯ ಮಗಳು ಗಕ್ಕನೆ ನಿಂತು ಹಿಂದಕ್ಕೆ ತಿರುಗಿದಳು. "ದೊಡ್ಡಮ್ಮಾ, ಎನ್ನ ಇದು? ಹೆಣ್ಣು ನೋಡೋದಾ, ಮೆರವಣಿಗೆಯಾ?"

ಅವಳ ಪಕ್ಕದಲ್ಲಿ ನೋಡಲು ಬಂದಿದ್ದ ಹುಡುಗ. ಹಿಂದೆಯೇ ಅವನ ಅಪ್ಪ, ಅಮ್ಮ, ಸೋದರತ್ತೆ, ನನ್ನ ತಂಗಿ ಮತ್ತು ನಾನು. ಮನೆಯಲ್ಲಿ ಕೂರಿಸಿ ಕೇಸರಿಬಾತು ಕೊಡುವುದು ಹಳೇ ಕಾಲದ್ದಾಯಿತು, ಮಕ್ಕಳು ಸ್ವತಂತ್ರವಾಗಿ ಮಾತಾಡಿಕೊಳ್ಳಲಿ ಎಂದು ಕರೆತಂದ ಉದಾರಿಗಳು ನಾವೇ. ಮುಂದಿದ್ದ ಅವರಿಬ್ಬರೂ ದನಿ ತಗ್ಗಿಸಿದಾಗಲೆಲ್ಲ ಹುಡುಗನ ತಾಯಿಯ ಮಂಡಿನೋವು ಮಾಯವಾಗಿ ಹೆಜ್ಜೆ ಚುರುಕಾಗುತ್ತಿತ್ತು.

"ನೀವೆಲ್ಲ ಮುಂದೆ ನಡೀರಿ, ನಾವು ಹಿಂದೆ ಬರ್ತೀವಿ" ಎಂದಳು ಹುಡುಗಿ. ಸರಿ, ಮುಂದೆ ಹೋದೆವು. ಕಿವಿಗಳನ್ನು ಮಾತ್ರ ಹಿಂದೆ ಬಿಟ್ಟಿದ್ದೆವು. ಅಷ್ಟರಲ್ಲಿ ಸೋದರತ್ತೆ ಛತ್ರದ ಮಾತು ತೆಗೆದರು. ಊಟದ ಎಲೆಗೆ ಏನೇನು ಬಡಿಸಬೇಕೆಂಬ ಚರ್ಚೆಯಲ್ಲಿ ಮುಳುಗಿ ಸುತ್ತು ಮುಗಿಸಿ ಗೇಟಿನ ಬಳಿ ತಿರುಗಿ ನೋಡಿದರೆ, ಹಿಂದೆ ಹಾದಿ ಖಾಲಿ!

"ಅಯ್ಯೋ ಅಕ್ಕಾ, ಈ ಹುಡುಗನೂ ಬೇಡ ಅಂತ ಹೊರಟುಹೋದಳಾ?" ತಂಗಿಯ ಕಣ್ಣು ತುಂಬಿತು. ಹಿಂದೆ ಬಂದ ಹುಡುಗರನ್ನೆಲ್ಲ ಮಗಳು ಕಾಫಿ ಆರುವ ಮುಂಚೆಯೇ ಕಳಿಸಿಬಿಟ್ಟಿದ್ದಳು.

ಆಗ ಎದುರು ದಿಕ್ಕಿನಿಂದ ಇಬ್ಬರೂ ನಗುತ್ತಾ ಬಂದರು; ನಮ್ಮ ಕಿವಿ ತಪ್ಪಿಸಲು ನಡುದಾರಿಯಲ್ಲೇ ಹಿಂದಕ್ಕೆ ತಿರುಗಿ ನಡೆದಿದ್ದರು. ಅವಳು ತಮಿಳಿನಲ್ಲಿ ಏನೋ ಹೇಳಿ ಅವನ ಕಾಲೆಳೆಯುತ್ತಿದ್ದಳು, ಅವನು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದ. ನಿಲ್ಲುವ ಲಕ್ಷಣವೇ ಇಲ್ಲ. "ಆಂಟಿ, ಸ್ವಲ್ಪ ಜಾಗ ಬಿಡಿ. ಇನ್ನೊಂದು ಸುತ್ತು ಹೋಗಿ ಬರ್ತೀವಿ" ಎಂದ ಹುಡುಗ.

ನಾವೆಲ್ಲ ಪಕ್ಕಕ್ಕೆ ಸರಿದು ನಿಂತೆವು. ಹಿರಿಯರಾಗಿ ಆ ಮದುವೆಗೆ ನಾವು ಮಾಡಿದ ದೊಡ್ಡ ಉಪಕಾರ ಅದೊಂದೇ.