ಅತ್ತೆಯ ಸೆರಗಿನ ಬಾಟಲಿ

ಮೊನ್ನೆ ಮಗಳು ಈರುಳ್ಳಿ ಹೋಳುಗಳ ಮೇಲೆ ವಿನೆಗರ್ ಸುರಿಯುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. "ಏನಾತಬೇ?" ಎಂದಳು. ನೀವೇ ಹೇಳಿ, ಉಣ್ಣುವ ಹೊತ್ತಿನಲ್ಲಿ ಮೂತ್ರ ಪರೀಕ್ಷೆಯ ಕಥೆ ಹೇಗೆ ಹೇಳುವುದು? ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ಇದೇ ಮಗಳು ಆಗ ಹೊಟ್ಟೆಯಲ್ಲಿದ್ದಳು. ಅಥಣಿ ಕಡೆಯ ಐಗಳಿ ಊರಿನ ನಮ್ಮ ದ್ರಾಕ್ಷಿ ತೋಟದಲ್ಲಿ ಕೊಯ್ಲಿನ ಗಡಿಬಿಡಿ. ನನ್ನ ಕಾಲು ಊದಿ, ಗಂಡನ ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತಿದ್ದೆ. "ಬಸುರಿ ಅಂದ ಮ್ಯಾಲ ಕಾಲು ಬಾತಾವ. ನಾ ಹಡಿಯೂ ದಿನಾನೂ ಹೊಲದಾಗಿದ್ದೆ" ಎನ್ನುತ್ತಿದ್ದರು ಅತ್ತೆ. ಅವರ ಪ್ರಕಾರ ದಣಿವೆಂಬುದು ಓದಿದ ಹುಡುಗಿಯರಿಗೆ ಬರುವ ರೋಗ.

ಆರೋಗ್ಯ ಉಪಕೇಂದ್ರದ ಸಿಸ್ಟರ್ ಮನೆಗೆ ಬಂದು ಕಾಲನ್ನು ಬೆರಳಿನಿಂದ ಒತ್ತಿದರು. ಬಿದ್ದ ಕುಳಿ ಹಾಗೇ ಉಳಿಯಿತು. "ನಾಳೆ ಮುಂಜಾನೆ ಮೂತ್ರ ತಗೊಂಡು ಬರ್ರಿ" ಎಂದರು. ಮರುದಿನ ಅತ್ತೆಯೇ ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನನ್ನೊಡನೆ ಹೊರಟರು. ದಾರಿಯಲ್ಲಿ ನೆರೆಮನೆಯ ಕಾಕು ಎದುರಾದರು.

"ಏನ ಒಯ್ಯಾಕತ್ತೀರಿ, ವೈನಿ?"

"ತುಪ್ಪರಿ. ಸಿಸ್ಟರಿಗೆ."

"ಚಲೋ ಇರತೈತಿ ನಿಮ್ಮನಿ ತುಪ್ಪ. ನನಗೂ ಚೂರು ಕಳಸ್ರಿ."

ಉಪಕೇಂದ್ರ ಮುಟ್ಟುವವರೆಗೆ ನಾನು ಬಾಯಿಗೆ ಸೆರಗು ಒತ್ತಿಕೊಂಡೇ ನಡೆದೆ.

ಸಿಸ್ಟರ್ ಗಾಜಿನ ನಳಿಕೆಗೆ ಮೂತ್ರ ಸುರಿದು, ಅದರ ಮೇಲ್ಭಾಗವನ್ನಷ್ಟೇ ಸ್ಪಿರಿಟ್ ದೀಪದ ಉರಿಗೆ ಹಿಡಿದರು. ಕುದಿಯುತ್ತಲೇ ಬಿಳಿ ಮೋಡ ಕಟ್ಟಿತು. "ಬರೇ ಉಪ್ಪಿನಂಶ ಇದ್ರ ಕರಗತೈತಿ" ಎನ್ನುತ್ತ, ವಿನೆಗರ್ ವಾಸನೆಯ ಆಸಿಡ್ಡಿನ ಕೆಲವು ಹನಿ ಬಿಟ್ಟರು. ಕರಗಲಿಲ್ಲ, ಒಡೆದ ಹಾಲಿನಂತೆ ಇನ್ನೂ ಗಟ್ಟಿಯಾಯಿತು.

"ಪ್ರೋಟೀನ್ ಹೋಗಾಕತ್ತೈತ್ರಿ."

"ಬ್ಯಾಳಿ, ಶೇಂಗಾ ತಿನ್ನಸ್ರಿ, ಪ್ರೋಟೀನ್ ಬೇಕಂತ ನೀವ ಹೇಳಿದ್ರಿ. ಅಷ್ಟೂ ಹಿಂಗ ಹೊಂಟೈತೇನ?" ಎಂದರು ಅತ್ತೆ.

ಸಿಸ್ಟರ್ ನಗಲಿಲ್ಲ. ನನ್ನ ಬಿಪಿ ನೋಡಿ, "ತಾಯಿಗೂ ಕೂಸಿಗೂ ಅಪಾಯ ಐತ್ರಿ. ಈಗಿಂದೀಗ ಅಥಣಿಗೆ ಕರಕೊಂಡು ಹೋಗ್ರಿ" ಎಂದರು.

ದ್ರಾಕ್ಷಿ ತುಂಬಲು ತೋಟಕ್ಕೆ ಹೊರಟಿದ್ದ ಟೆಂಪೋವನ್ನು ಅತ್ತೆ ನಡುದಾರಿಯಲ್ಲೇ ತಡೆದು ನನ್ನನ್ನು ಹತ್ತಿಸಿದರು. ಟೆಂಪೋದಲ್ಲಿದ್ದ ಮಾವ ಏನೋ ಅನ್ನಲು ಬಾಯಿ ತೆರೆದರು. "ದ್ರಾಕ್ಷಿ ಒಣಗಿದ್ರ ಮನುಕಾ ಆಗ್ತಾವರಿ. ಸೊಸಿಗೆ ಏನರ ಆದ್ರ..." ಎನ್ನುತ್ತ ಅತ್ತೆ ತಾವೂ ಹತ್ತಿ ನನ್ನ ಪಕ್ಕ ಕುಳಿತರು.

ಆಸ್ಪತ್ರೆಯಲ್ಲಿ ಅತ್ತೆ ನನ್ನನ್ನು ಹಾಸಿಗೆಯಿಂದ ಇಳಿಯಗೊಡಲಿಲ್ಲ. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಯಿತು. ಕೂಸು ಸಣ್ಣದು, ಅತ್ತದ್ದು ಮಾತ್ರ ವಾರ್ಡಿಗೆಲ್ಲ ಕೇಳುವಂತೆ. ಅತ್ತೆ ಮೊಮ್ಮಗಳನ್ನು ಎತ್ತಿ ಮುದ್ದಾಡಿದರು, ಆದರೆ ಸಿಹಿ ಹಂಚಲಿಲ್ಲ.

ಊರಿಗೆ ಮರಳಿದ ಮೇಲೂ ಪರೀಕ್ಷೆ ನಡೆದೇ ಇತ್ತು. ಪ್ರತಿ ಸಲವೂ ಅತ್ತೆ ದೀಪದ ಮುಂದೆ ಕಣ್ಣು ಕಿರಿದು ಮಾಡಿ ನಿಲ್ಲುವರು. ಮೋಡ ತೆಳ್ಳಗಾಗುತ್ತ ಬಂತು. ಒಂದು ದಿನ ಮೂತ್ರ ಕುದಿಯಿತು, ಆಸಿಡ್ ಬಿತ್ತು, ನಳಿಕೆ ತಿಳಿಯಾಗಿಯೇ ಉಳಿಯಿತು.

"ಪಾಸ್!" ಎಂದು ಕೂಗಿದ ಅತ್ತೆ ಓಣಿಗೆಲ್ಲ ಪೇಢೆ ಹಂಚಿದರು. ಕಾಕುಗೆ ಜೊತೆಗೆ ನಿಜವಾದ ತುಪ್ಪವೂ ಹೋಯಿತು.

ಆಗ ನಕ್ಕಿದ್ದೆ. ಆದರೆ ಹೆಣ್ಣೆಂದು ಕೂಸಿನ ಪೇಢೆ ಹಂಚಲಿಲ್ಲವೇನೋ ಎಂಬ ಸಣ್ಣ ಮುಳ್ಳು ಒಳಗೆಲ್ಲೋ ಉಳಿದಿತ್ತು. ಮೊನ್ನೆ ತಡೆಯಲಾಗದೆ ಐಗಳಿಯಲ್ಲಿರುವ ಅತ್ತೆಗೆ ಫೋನ್ ಮಾಡಿ ಕೇಳಿಯೇಬಿಟ್ಟೆ.

ಅತ್ತೆ ನಕ್ಕರು. "ಹುಚ್ಚಿ, ಕೂಸು ಬಂದಿತ್ತು, ನೀ ಇನ್ನೂ ಬಂದಿದ್ದಿಲ್ಲಲ್ಲಬೇ. ಒಬ್ಬಾಕಿ ಬಂದಾಳಂತ ಪೇಢೆ ಹೆಂಗ ಹಂಚ್ಲಿ?"